ಎಲ್‌ಇಡಿ ಬಲ್ಬಿನಂತೆ ವಿಮಾನದ ಹಸಿರು ಇಂಧನವೂ ಒಂದು ದಿನ ಅಗ್ಗವಾಗುತ್ತದೆಯೇ?

ಸರ್ಕಾರ ಎಲ್‌ಇಡಿ ಬಲ್ಬುಗಳನ್ನು ಮನೆಮನೆಗೆ ತಲುಪಿಸಿ ಬೆಲೆ ಇಳಿಸಿತು. ವಿಮಾನಗಳ ಹಸಿರು ಇಂಧನದಲ್ಲಿಯೂ ಅದನ್ನೇ ಮಾಡಬಲ್ಲದೇ, ಅಥವಾ ಆ ಇಂಧನವನ್ನು ಶೇ. 1, ಶೇ. 2ರಷ್ಟು ಬೆರೆಸುವ ಗುರಿಗಳು ಕಾಗದದಲ್ಲಿಯೇ ಉಳಿಯುತ್ತವೆಯೇ ಎಂದು ಕೇಳಿದ್ದೀರಿ. ಕಾರ್ಖಾನೆಗಳ ಇಂಧನ ಬಳಕೆಯನ್ನು ತಪಾಸಣೆ ಮಾಡುವುದು ನನ್ನ ವೃತ್ತಿ. ಆ ಅನುಭವದ ಮೇಲೆ ಹೇಳುವುದಾದರೆ, ಗುರಿಗಳು ಪೊಳ್ಳಲ್ಲ, ಆದರೆ ಎಲ್‌ಇಡಿ ಹೋದ ದಾರಿಯಲ್ಲಿ ವಿಮಾನ ಇಂಧನ ಹೋಗಲಾರದು. ಅದಕ್ಕೆ ಹತ್ತಿರದ ಮಾದರಿ ಪೆಟ್ರೋಲಿಗೆ ಎಥನಾಲ್ ಬೆರೆಸಿದ ಕಾರ್ಯಕ್ರಮ, ಅದೂ ಅರ್ಧದಷ್ಟು ಮಾತ್ರ.

ಮೊದಲು ಎಲ್‌ಇಡಿ ಹೇಗೆ ಗೆದ್ದಿತೆಂಬುದನ್ನು ನೋಡೋಣ. ಸರ್ಕಾರಿ ಸಂಸ್ಥೆಯಾದ ಇಇಎಸ್‌ಎಲ್ 2014ರ ಆರಂಭದಲ್ಲಿ ಒಂದು ಬಲ್ಬಿಗೆ ಸುಮಾರು 310 ರೂಪಾಯಿ ಕೊಟ್ಟು ಖರೀದಿಸುತ್ತಿತ್ತು. 2016ರ ಹೊತ್ತಿಗೆ ಆ ಖರೀದಿ ಬೆಲೆ 38 ರೂಪಾಯಿಗೆ ಇಳಿದಿತ್ತು. 2015ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಉಜಾಲಾ ಯೋಜನೆ ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ನಡೆಯಿತು, ಮತ್ತು ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬುಗಳು ವಿತರಣೆಯಾದವು. ಇಲ್ಲಿ ಬೊಕ್ಕಸದಿಂದ ಸಬ್ಸಿಡಿ ಸುರಿಯಲಿಲ್ಲ. ಕೋಟಿಗಟ್ಟಲೆ ಬಲ್ಬುಗಳ ಬೇಡಿಕೆಯನ್ನು ಒಂದೇ ಟೆಂಡರಿನಲ್ಲಿ ಮುಂದಿಟ್ಟಾಗ ತಯಾರಕರು ತಾವಾಗಿಯೇ ಬೆಲೆ ಇಳಿಸಿದರು, ಮತ್ತು 60 ವಾಟ್‌ನ ಹಳೆಯ ಬಲ್ಬಿನ ಜಾಗಕ್ಕೆ 9 ವಾಟ್‌ನದು ಬಂದ ಮೇಲೆ ಗ್ರಾಹಕರಿಗೆ ಹಾಕಿದ ಹಣ ಕೆಲವೇ ತಿಂಗಳ ಕರೆಂಟ್ ಬಿಲ್ಲಿನಲ್ಲಿ ಹಿಂದಿರುಗಿತು. ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಟ್ಟು, ಗುರಿ ಮೀರಿದವರಿಗೆ ಹೆಚ್ಚುವರಿ ಉಳಿತಾಯದ ಪತ್ರಗಳನ್ನು ಮಾರಲು ಬಿಡುವ, 2012ರಿಂದ ಜಾರಿಗೆ ಬಂದ ಪ್ಯಾಟ್ ಯೋಜನೆಯೂ ಇದೇ ತರ್ಕದ ಮೇಲೆ ನಿಂತಿತ್ತು. ಅದರ ಮೊದಲ ಸುತ್ತಿನಲ್ಲಿ 478 ಘಟಕಗಳು ಸುಮಾರು 67 ಲಕ್ಷ ಟನ್ ತೈಲಕ್ಕೆ ಸಮನಾದ ಉಳಿತಾಯದ ಗುರಿಯನ್ನು ದಾಟಿ 87 ಲಕ್ಷ ಟನ್ನಿನ ಹತ್ತಿರ ತಲುಪಿದವು. ದಕ್ಷತೆಗೆ ಹಣ ಹಾಕಿದವನಿಗೇ ಲಾಭ ಬರುತ್ತದೆ, ಆದ್ದರಿಂದ ಸರ್ಕಾರಕ್ಕೆ ಉಳಿಯುವ ಕೆಲಸವೆಂದರೆ ಆರಂಭದ ಅಡೆತಡೆಗಳನ್ನು ತೆಗೆಯುವುದು.

ವಿಮಾನಯಾನದಲ್ಲಿಯೂ ದಕ್ಷತೆಯ ಭಾಗ ಹೀಗೆಯೇ ನಡೆಯುತ್ತಿದೆ. ಭಾರತದ ವಿಮಾನ ಕಂಪನಿಗಳ ಖರ್ಚಿನಲ್ಲಿ ಇಂಧನದ ಪಾಲು ಶೇ. 40ರ ಆಸುಪಾಸಿನವರೆಗೂ ಹೋಗುವುದರಿಂದ, ಹಿಂದಿನ ಮಾದರಿಗಿಂತ ಶೇ. 15ರಷ್ಟು ಕಡಿಮೆ ಇಂಧನ ಸುಡುವ ಎ320ನಿಯೋ ವಿಮಾನಗಳನ್ನು ಕೊಳ್ಳಲು ಅವರಿಗೆ ಯಾರ ಉಪದೇಶವೂ ಬೇಕಾಗಲಿಲ್ಲ. ಇಳಿದ ಮೇಲೆ ಒಂದೇ ಎಂಜಿನ್ನಿನಲ್ಲಿ ನಿಲುಗಡೆಯ ತನಕ ಸಾಗುವುದು ಸಹ ಲೆಕ್ಕ ಬಲ್ಲ ಯಾವ ಕಂಪನಿಯೂ ಮಾಡುವ ಕೆಲಸ. ಸರ್ಕಾರದ ಕೈಯಲ್ಲಿರುವುದು ಆಕಾಶದ ದಾರಿ. ಸೇನೆಗೆ ಮೀಸಲಾದ ವಾಯುಪ್ರದೇಶವನ್ನು ಬಿಡುವಿದ್ದಾಗ ನಾಗರಿಕ ವಿಮಾನಗಳಿಗೆ ತೆರೆದು ನೇರ ಮಾರ್ಗ ಕೊಡುವ ಕ್ರಮ, ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ಕಟ್ಟಿದ ಗಗನ್ ಉಪಗ್ರಹ ಮಾರ್ಗದರ್ಶನ ವ್ಯವಸ್ಥೆ, ಇವು ಸದ್ದಿಲ್ಲದೆ ಇಂಧನ ಉಳಿಸುವ ಕೆಲಸಗಳು. ಕೊಚ್ಚಿ ನಿಲ್ದಾಣ 2015ರಲ್ಲಿ ಪೂರ್ತಿ ಸೌರ ವಿದ್ಯುತ್ತಿಗೆ ಬದಲಾದಾಗ ಬಂದ ಮೆಚ್ಚುಗೆ ನ್ಯಾಯವಾದದ್ದೇ, ಆದರೆ ನಿಲ್ದಾಣದ ದೀಪ ಮತ್ತು ಏಸಿಗಳಿಗೆ ಬೇಕಾದ ಶಕ್ತಿ ವಿಮಾನಗಳ ರೆಕ್ಕೆಯೊಳಗಿನ ಟ್ಯಾಂಕಿಗೆ ಹೋಗುವ ಶಕ್ತಿಯ ಮುಂದೆ ಬಹಳ ಸಣ್ಣದು ಎಂಬುದನ್ನು ಈ ಮೆಚ್ಚುಗೆಯ ನಡುವೆ ಮರೆಯುತ್ತೇವೆ.

ಆ ಟ್ಯಾಂಕಿನಲ್ಲಿರುವ ದ್ರವಕ್ಕೆ ಸುಲಭದ ಬದಲಿ ಇಲ್ಲ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿ ಇರುತ್ತದೆ. ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಮೋಟಾರಿನ ದಕ್ಷತೆ ಹೆಚ್ಚೆಂದು ಒಪ್ಪಿಕೊಂಡರೂ, ಬೆಂಗಳೂರಿನಿಂದ ಲಂಡನ್ನಿಗೆ ಬ್ಯಾಟರಿಯ ಮೇಲೆ ಹಾರುವ ಮಾತು ಸದ್ಯಕ್ಕಿಲ್ಲ. ಆದ್ದರಿಂದಲೇ ಎಲ್ಲರ ಕಣ್ಣು ಸುಸ್ಥಿರ ವಿಮಾನ ಇಂಧನದ ಮೇಲೆ, ಅಂದರೆ ಎಸ್‌ಎಎಫ್ ಮೇಲೆ. ಇದು ಎಣ್ಣೆ, ಎಥನಾಲ್ ಅಥವಾ ಕೃಷಿ ತ್ಯಾಜ್ಯದಿಂದ ತಯಾರಿಸಿದ, ಸೀಮೆಎಣ್ಣೆಯ ಜಾತಿಗೇ ಸೇರಿದ ಇಂಧನ. ಎಂಜಿನ್ ಬದಲಿಸದೆ ಶೇ. 50ರವರೆಗೆ ಬೆರೆಸಲು ಈಗಿನ ಮಾನದಂಡಗಳಲ್ಲಿಯೇ ಅವಕಾಶವಿದೆ. ಸುಟ್ಟಾಗ ಹೊಗೆಯಲ್ಲಿ ಇಂಗಾಲ ಕಡಿಮೆಯಾಗುತ್ತದೆಂದು ಹಲವರು ತಿಳಿದಿದ್ದಾರೆ; ಹಾಗಿಲ್ಲ. ಎರಡೂ ಇಂಧನಗಳು ಕಿಲೋಗೆ ಮೂರು ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಉಗುಳುತ್ತವೆ. ವ್ಯತ್ಯಾಸವಿರುವುದು ಆ ಇಂಗಾಲ ನೆಲದಾಳದಿಂದ ಬಂದದ್ದೋ, ಗಿಡಗಳು ಇತ್ತೀಚೆಗಷ್ಟೇ ಗಾಳಿಯಿಂದ ಹೀರಿಕೊಂಡದ್ದೋ ಎಂಬುದರಲ್ಲಿ.

ತಂತ್ರಜ್ಞಾನದ ದೃಷ್ಟಿಯಿಂದ ನಮ್ಮ ದೇಶ ಹಿಂದುಳಿದಿಲ್ಲ. 2018ರ ಆಗಸ್ಟ್‌ನಲ್ಲಿ ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಕಾಡುಹರಳಿನ (ಜಟ್ರೋಫಾ) ಎಣ್ಣೆಯಿಂದ ತಯಾರಿಸಿದ ಇಂಧನದ ಮಿಶ್ರಣದಲ್ಲಿ ಸ್ಪೈಸ್‌ಜೆಟ್ ವಿಮಾನವೊಂದು ಡೆಹ್ರಾಡೂನಿನಿಂದ ದೆಹಲಿಗೆ ಹಾರಿತು; 2019ರ ಗಣರಾಜ್ಯೋತ್ಸವದಂದು ವಾಯುಪಡೆಯ ಎಎನ್-32 ಶೇ. 10ರ ಮಿಶ್ರಣದಲ್ಲಿ ರಾಜಪಥದ ಮೇಲೆ ಹಾರಿತು. 2023ರ ಮೇ ತಿಂಗಳಲ್ಲಿ ಪ್ರಾಜ್ ಮತ್ತು ಇಂಡಿಯನ್ ಆಯಿಲ್ ಸೇರಿ ಒದಗಿಸಿದ ದೇಶೀ ಇಂಧನವನ್ನು ಬೆರೆಸಿಕೊಂಡು ಏರ್‌ಏಷ್ಯಾ ಇಂಡಿಯಾ ಪುಣೆಯಿಂದ ದೆಹಲಿಗೆ ಪ್ರಯಾಣಿಕರನ್ನು ಕರೆದೊಯ್ದಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅಂತರರಾಷ್ಟ್ರೀಯ ಹಾರಾಟಗಳಿಗೆ 2027ರಲ್ಲಿ ಶೇ. 1, 2028ರಲ್ಲಿ ಶೇ. 2 ಎಂಬ ಸೂಚಕ, ಅಂದರೆ ಕಡ್ಡಾಯವಲ್ಲದ, ಗುರಿಗಳನ್ನು ಇಟ್ಟಿತು. ಆಮೇಲೆ 2030ಕ್ಕೆ ಶೇ. 5 ಸೇರಿತು. ಅಂತರರಾಷ್ಟ್ರೀಯ ಹಾರಾಟಗಳಿಂದಲೇ ಆರಂಭಿಸಿದ್ದು ಏಕೆಂದರೆ, ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯಾದ ಐಕಾವೋದ ಕಾರ್ಸಿಯಾ ಎಂಬ ಇಂಗಾಲ ಪರಿಹಾರ ಪದ್ಧತಿ (ಹೆಚ್ಚುವರಿ ಹೊಗೆಗೆ ಬದಲಾಗಿ ಬೇರೆಡೆಯ ಇಂಗಾಲ ಕಡಿತಕ್ಕೆ ಕಂಪನಿಗಳು ಹಣ ಕೊಡುವ ಏರ್ಪಾಡು) 2027ರಿಂದ ಕಡ್ಡಾಯವಾಗುತ್ತದೆ, ಮತ್ತು ಅಲ್ಲಿ ಎಸ್‌ಎಎಫ್ ಬಳಸಿದಷ್ಟೂ ಕಂಪನಿಗಳು ಹಣ ತೆತ್ತು ಕೊಳ್ಳಬೇಕಾದ ಪರಿಹಾರ ಪತ್ರಗಳು ಕಡಿಮೆಯಾಗುತ್ತವೆ.

ತೊಡಕಿರುವುದು ಬೆಲೆಯಲ್ಲಿ. ಎಸ್‌ಎಎಫ್‌ನ ದರ ಸಾಮಾನ್ಯ ಇಂಧನದ ಎರಡರಿಂದ ಐದು ಪಟ್ಟು. ಎಲ್‌ಇಡಿಯ ಬೆಲೆ ಅಷ್ಟು ಇಳಿಯಲು ಸಾಧ್ಯವಾದದ್ದು ದೊಡ್ಡ ಬೇಡಿಕೆಯ ಜೊತೆಗೆ ಚಿಪ್ಪಿನ ತಯಾರಿಕೆಯೂ ಸುಧಾರಿಸಿದ್ದರಿಂದ. ಇಲ್ಲಿಯಾದರೋ ಖರ್ಚಿನ ಬಹುಭಾಗ ಕಚ್ಚಾವಸ್ತುವಿನದೇ, ಮತ್ತು ಬೇಡಿಕೆ ಏರಿದರೆ ಕಚ್ಚಾವಸ್ತುವಿನ ಬೆಲೆಯೂ ಏರುತ್ತದೆ. ಹೆಚ್ಚು ಕೊಟ್ಟು ಕೊಂಡ ಕಂಪನಿಗೆ ಒಂದು ಕಿಲೋಮೀಟರ್ ಕೂಡ ಹೆಚ್ಚು ಹಾರಲಾಗದು. ಹೀಗಿರುವಾಗ ಕಡ್ಡಾಯವಿಲ್ಲದೆ ಯಾರೂ ಕೊಳ್ಳಲಾರರು ಎಂಬುದನ್ನು ಯೂರೋಪ್ ಬೇಗ ಅರಿತಿತು. ಅಲ್ಲಿನ ನಿಯಮ 2025ರಲ್ಲಿ ಶೇ. 2ರಿಂದ ಆರಂಭವಾಗಿ 2030ಕ್ಕೆ ಶೇ. 6, 2050ಕ್ಕೆ ಶೇ. 70 ಎನ್ನುತ್ತದೆ, ಮತ್ತು ತಪ್ಪಿದ ಸರಬರಾಜುದಾರರ ಮೇಲೆ ಎರಡು ಇಂಧನಗಳ ಬೆಲೆ ವ್ಯತ್ಯಾಸದ ಕನಿಷ್ಠ ಎರಡರಷ್ಟು ದಂಡ ಬೀಳುತ್ತದೆ. ಬೆರೆಸದೇ ಇರುವುದು ಬೆರೆಸುವುದಕ್ಕಿಂತ ದುಬಾರಿಯಾಗಬೇಕೆಂಬುದು ಇದರ ಹಿಂದಿನ ಲೆಕ್ಕ.

ಪ್ರಯಾಣಿಕರ ಮೇಲೆ ಎಷ್ಟು ಹೊರೆ ಬೀಳಬಹುದೆಂದು ಕೇಳುವವರಿಗೆ ಒಂದು ಒರಟು ಲೆಕ್ಕ ಕೊಡುತ್ತೇನೆ. ಎಸ್‌ಎಎಫ್ ಬೆಲೆ ಮೂರು ಪಟ್ಟು ಎಂದಿಟ್ಟುಕೊಂಡರೆ, ಶೇ. 1ರ ಮಿಶ್ರಣದಿಂದ ಇಂಧನದ ಖರ್ಚು ಶೇ. 2ರಷ್ಟು ಏರುತ್ತದೆ, ಇಂಧನದ ಪಾಲು ಶೇ. 40 ಆಗಿದ್ದರೆ ಒಟ್ಟು ಖರ್ಚು ಶೇ. 0.8ರಷ್ಟು. ನಲವತ್ತು ಸಾವಿರ ರೂಪಾಯಿಯ ಟಿಕೆಟ್ಟಿಗೆ ಇದು ಮುನ್ನೂರು ಚಿಲ್ಲರೆ; ಶೇ. 5 ಬೆರೆಸಿದರೆ ಸಾವಿರದ ಆರುನೂರು. ವಿದೇಶಕ್ಕೆ ಹಾರುವವರು ಇದನ್ನು ಹೊರಬಲ್ಲರೆಂದೇ ನನ್ನ ಅಭಿಪ್ರಾಯ. ಸಣ್ಣ ಊರುಗಳಿಗೆ ಉಡಾನ್ ಎಂಬ ಅಗ್ಗದ ವಿಮಾನಯಾನ ಯೋಜನೆಯ ಟಿಕೆಟ್ ಕೊಂಡು ಹೋಗುವವರ ಮಾತು ಬೇರೆ, ಆದ್ದರಿಂದ ದೇಶೀಯ ಹಾರಾಟಗಳನ್ನು ಸದ್ಯಕ್ಕೆ ಹೊರಗಿಟ್ಟದ್ದು ಸರಿ.

ಇನ್ನು ಕಚ್ಚಾವಸ್ತುವಿನ ವಿಷಯ, ಅಸಲಿ ಪರೀಕ್ಷೆ ನಡೆಯುವುದು ಇಲ್ಲಿಯೇ. ಇಂಡಿಯನ್ ಆಯಿಲ್‌ನ ಪಾಣಿಪತ್ ಸಂಸ್ಕರಣಾಗಾರ 2025ರಲ್ಲಿ ಬಳಸಿದ ಅಡುಗೆ ಎಣ್ಣೆಯಿಂದ ಎಸ್‌ಎಎಫ್ ತಯಾರಿಸಲು ಕಾರ್ಸಿಯಾ ಪ್ರಮಾಣಪತ್ರ ಪಡೆಯಿತು. ಯೋಜಿತ ಸಾಮರ್ಥ್ಯ ವರ್ಷಕ್ಕೆ 35,000 ಟನ್. ಐಕಾವೋದ ಲೆಕ್ಕದಲ್ಲಿ ಬಳಸಿದ ಎಣ್ಣೆಯಿಂದಾದ ಇಂಧನ ಇಂಗಾಲವನ್ನು ಶೇ. 80ಕ್ಕೂ ಹೆಚ್ಚು ತಗ್ಗಿಸುತ್ತದೆ, ಇದಕ್ಕಿಂತ ಒಳ್ಳೆಯದು ಸದ್ಯಕ್ಕೆ ಸಿಗುವುದು ಕಷ್ಟ. ಆದರೆ ಆ ಎಣ್ಣೆ ಎಲ್ಲಿಂದ ಬರಬೇಕು? ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿಯೇ ಮತ್ತೆ ಮತ್ತೆ ಕಾಯಿಸಿದ ಎಣ್ಣೆಗೆ ಮಿತಿ ಹಾಕಿ, ಅದನ್ನು ಜೈವಿಕ ಇಂಧನಕ್ಕೆ ಒಯ್ಯಲು ರೂಕೋ ಎಂಬ ಕಾರ್ಯಕ್ರಮ ಆರಂಭಿಸಿತು. ದೊಡ್ಡ ಹೋಟೆಲುಗಳು ಮತ್ತು ಚಿಪ್ಸ್ ಕಾರ್ಖಾನೆಗಳಿಂದ ಎಣ್ಣೆ ಸಂಗ್ರಹಿಸುವುದು ಕಷ್ಟವಲ್ಲ. ಬೋಂಡಾ ಬಜ್ಜಿಯ ತಳ್ಳುಗಾಡಿಯ ಬಾಣಲೆಯಲ್ಲಿ ಮಾತ್ರ ಎಣ್ಣೆ 'ಬಳಸಿ ಮುಗಿದದ್ದು' ಎಂದಾಗುವುದೇ ಅಪರೂಪ, ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಾ ಹೋಗುತ್ತಾರೆ. ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶದಲ್ಲಿ ಬಳಸಿದ ಎಣ್ಣೆಯ ಬೆಲೆ ಹೊಸ ತಾಳೆ ಎಣ್ಣೆಯ ಬೆಲೆಯನ್ನು ಮುಟ್ಟಿದರೆ ಮೋಸಕ್ಕೂ ದಾರಿಯಾಗುತ್ತದೆ; ಹೊಸ ಎಣ್ಣೆಯೇ ಬಳಸಿದ ಎಣ್ಣೆಯ ವೇಷದಲ್ಲಿ ಬರುತ್ತಿದೆಯೆಂಬ ಅನುಮಾನ ಯೂರೋಪಿನಲ್ಲಿ ಈಗಾಗಲೇ ಎದ್ದಿದೆ.

ಎಣ್ಣೆ ಸಾಲದಿದ್ದರೆ ಎಥನಾಲ್ ಇದೆಯಲ್ಲ ಎನ್ನುವವರು ಬಹಳ. ಪೆಟ್ರೋಲಿನಲ್ಲಿ ಎಥನಾಲ್ ಪಾಲು 2013-14ರ ಶೇ. 1.5ರಿಂದ 2025ಕ್ಕೆ ಶೇ. 20 ತಲುಪಿದ್ದು ನಿಜವಾದ ಸಾಧನೆ, ಮತ್ತು ಅದು ಸಾಧ್ಯವಾದದ್ದು ತೈಲ ಕಂಪನಿಗಳು ಮುಂಚಿತವಾಗಿ ನಿಗದಿಯಾದ ದರಕ್ಕೆ ಕೊಳ್ಳುತ್ತವೆಂಬ ಭರವಸೆಯ ಮೇಲೆ ಡಿಸ್ಟಿಲರಿಗಳಿಗೆ ಸಾಲ ಸಿಕ್ಕಿದ್ದರಿಂದ. ಎಸ್‌ಎಎಫ್ ಘಟಕಗಳಿಗೂ ಬೇಕಾದದ್ದು ಇಂಥ ಖಚಿತ ದರ, ಖಚಿತ ಕೊಳ್ಳುಗ. ಆದರೆ ಎಥನಾಲಿನ ಹೊರೆಯನ್ನು ಕೋಟ್ಯಂತರ ಪೆಟ್ರೋಲ್ ಗ್ರಾಹಕರು ಹಂಚಿಕೊಂಡರು. ಇಲ್ಲಿ ಹಂಚಿಕೊಳ್ಳುವವರು ಬೆರಳೆಣಿಕೆಯ ವಿಮಾನ ಕಂಪನಿಗಳು. ಜೊತೆಗೆ ನಮ್ಮ ಎಥನಾಲಿನ ಬಹುಪಾಲು ಈಗ ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಬರುತ್ತಿದೆ. ಐಕಾವೋದ ಕೋಷ್ಟಕದಲ್ಲಿ ಅಮೆರಿಕದ ಮೆಕ್ಕೆಜೋಳದ ಎಥನಾಲಿನಿಂದಾದ ವಿಮಾನ ಇಂಧನ, ಬೆಳೆಗಾಗಿ ಬೇರೆಡೆ ಕಾಡು ಕಡಿದು ಹೊಲ ಮಾಡುವಂಥ ಭೂಬಳಕೆಯ ಪರಿಣಾಮವನ್ನೂ ಸೇರಿಸಿದಾಗ, ಸಾಮಾನ್ಯ ಇಂಧನಕ್ಕಿಂತ ತುಸು ಹೆಚ್ಚೇ ಇಂಗಾಲದ ಹೊರೆ ಹೊತ್ತಿದೆ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳಕ್ಕೆ ಪ್ರತ್ಯೇಕ ಲೆಕ್ಕ ಬೇಕಾಗುತ್ತದೆ ನಿಜ, ಆದರೆ ಆ ಲೆಕ್ಕ ಮಾಡದೆಯೇ ಅದನ್ನು ಹಸಿರೆಂದು ಕರೆಯುವುದು ಸಲ್ಲದು.

ಕಾಡುಹರಳಿನ ಕಥೆ ಇಲ್ಲಿ ನೆನಪಿಗೆ ಬರಲೇಬೇಕು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಅದರ ಮೇಲೆ ದೊಡ್ಡ ನಿರೀಕ್ಷೆ ಇಟ್ಟಿತು, 2009ರ ನೀತಿ 2017ಕ್ಕೆ ಶೇ. 20ರ ಜೈವಿಕ ಇಂಧನ ಮಿಶ್ರಣವೆಂದಿತು, ಅದೂ ಸೂಚಕ ಗುರಿಯೇ. ಬರಡು ನೆಲದಲ್ಲಿ ನೀರಿಲ್ಲದೆ ಇಳುವರಿ ಬರಲಿಲ್ಲ, ಬೀಜಕ್ಕೆ ಖಚಿತ ಕೊಳ್ಳುಗನಿರಲಿಲ್ಲ, ಡೀಸೆಲ್‌ನಲ್ಲಿ ಮಿಶ್ರಣ ಶೇ. 1ನ್ನೂ ಮುಟ್ಟಲಿಲ್ಲ. ಕರ್ನಾಟಕ ಹೊಂಗೆ, ಬೇವು, ಹಿಪ್ಪೆಗಳನ್ನು ನೆಚ್ಚಿದ್ದು ಹೆಚ್ಚು ವಿವೇಕದ ಆಯ್ಕೆಯಾಗಿತ್ತು, ಹಾಸನದ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಒಳ್ಳೆಯ ಕೆಲಸವೂ ನಡೆಯಿತು. ಅಲ್ಲಿಯೂ ಮರದಡಿಯ ಕಾಯಿ ಆರಿಸಿ ಸುಲಿಯುವ ಕೂಲಿಯೇ ಎಣ್ಣೆಯ ಬೆಲೆಯನ್ನು ನುಂಗಿತು.

ಆದ್ದರಿಂದ 2027ರಲ್ಲಿ ನೀವು ಗಮನಿಸಬೇಕಾದದ್ದು ಹಾರಾಟದ ಉದ್ಘಾಟನೆಗಳನ್ನಲ್ಲ. ಗುರಿ ತಪ್ಪಿದವರಿಗೆ ದಂಡವಿರುವ ಅಧಿಸೂಚನೆ ಬಂದಿದೆಯೇ, ಆ ಹೊಣೆ ತೈಲ ಕಂಪನಿಯದೋ ವಿಮಾನ ಕಂಪನಿಯದೋ ಎಂಬುದು ಸ್ಪಷ್ಟವಾಗಿದೆಯೇ, ಘಟಕಗಳಿಗೆ ಎಥನಾಲಿನಂತೆ ಬಹುವರ್ಷದ ಖರೀದಿ ಒಪ್ಪಂದ ಸಿಕ್ಕಿದೆಯೇ, ಇನ್ನೂ ಜಿಎಸ್‌ಟಿಯ ಹೊರಗೇ ಇರುವ ವಿಮಾನ ಇಂಧನದ ಮೇಲಿನ ರಾಜ್ಯ ತೆರಿಗೆಯನ್ನು ಎಸ್‌ಎಎಫ್ ಮೇಲೆ ಅದೇ ದರದಲ್ಲಿ ಹಾಕುತ್ತಾರೆಯೇ ಎಂಬುದನ್ನು ನೋಡಿ. ದುಬಾರಿ ಇಂಧನಕ್ಕೆ ಶೇಕಡಾವಾರು ತೆರಿಗೆ ಹಾಕಿದರೆ ಹಸಿರು ಇಂಧನ ಕೊಂಡವನೇ ಸರ್ಕಾರಕ್ಕೆ ಹೆಚ್ಚು ಕಟ್ಟಬೇಕಾಗುತ್ತದೆ. ಇದನ್ನು ಸರಿಪಡಿಸಲು ಹೊಸ ತಂತ್ರಜ್ಞಾನವೇನೂ ಬೇಡ, ರಾಜ್ಯಗಳ ಹಣಕಾಸು ಇಲಾಖೆಗಳ ಒಂದೊಂದು ಆದೇಶ ಸಾಕು.