ಒಂದೇ ಮಾಡ್ಯೂಲಿಗೆ ಎರಡು ಪ್ರತಿ

ಪ್ರಶ್ನೆ: ನಾನು ಅಕ್ಕಿ ಗಿರಣಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಭತ್ತದ ದರ ಹಾಗೂ ತೇವಾಂಶದ ಕಡಿತವನ್ನು ಲೆಕ್ಕ ಹಾಕುವ ‘ದರ’ ಎಂಬ ಪೈಥಾನ್ ಮಾಡ್ಯೂಲನ್ನು ಹಿಂದೆ ಇದ್ದವರು ಬರೆದಿಟ್ಟಿದ್ದಾರೆ. ಗಂಗಾವತಿಗೂ ಸಿಂಧನೂರಿಗೂ ಪ್ರತ್ಯೇಕ ದರ ಇರಲೆಂದು ಅದನ್ನು ಎರಡು ಹೆಸರಿನಲ್ಲಿ ಇಂಪೋರ್ಟ್ ಮಾಡಿಕೊಂಡೆ. ಸಿಂಧನೂರಿನದನ್ನು ತಿದ್ದಿದರೆ ಗಂಗಾವತಿಯದೂ ಬದಲಾಗುತ್ತದೆ. ರೀಲೋಡ್ ಮಾಡಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಬೇಕು?
— ಓದುಗರೊಬ್ಬರು, ಗಂಗಾವತಿ

ಉತ್ತರ: ಹೆಸರು ಎರಡಾದರೂ ಮಾಡ್ಯೂಲ್ ಒಂದೇ ಇದೆ. ಮೊದಲ ಸಲ ಇಂಪೋರ್ಟ್ ಮಾಡಿದಾಗ ಮಾತ್ರ ಪೈಥಾನ್ ಫೈಲಿನ ಕೋಡನ್ನು ನಡೆಸಿ, ಸಿದ್ಧವಾದ ಮಾಡ್ಯೂಲನ್ನು ‘ಸಿಸ್.ಮಾಡ್ಯೂಲ್ಸ್’ ಎಂಬ ಡಿಕ್ಷನರಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಯಾರು ಎಷ್ಟು ಸಲ ಕೇಳಿದರೂ ಅಲ್ಲಿರುವುದನ್ನೇ ಕೊಡುತ್ತದೆ. ರೀಲೋಡ್ ಕೂಡ ಹೊಸದನ್ನು ಹುಟ್ಟಿಸುವುದಿಲ್ಲ, ಅದೇ ಮಾಡ್ಯೂಲಿನೊಳಗೆ ಕೋಡನ್ನು ಮತ್ತೊಮ್ಮೆ ನಡೆಸುತ್ತದೆ. ನೀವು ತಿದ್ದಿದ ದರ ಎರಡೂ ಹೆಸರಿನಲ್ಲಿ ಫೈಲಿನ ಹಳೆಯ ದರಕ್ಕೆ ಮರಳಿರಬೇಕು.

ನಿಜವಾದ ಎರಡನೆಯ ಪ್ರತಿ ಬೇಕಿದ್ದರೆ ‘ಇಂಪೋರ್ಟ್‌ಲಿಬ್.ಯುಟಿಲ್’ ಬಳಸಿ. ಅದರ ‘ಸ್ಪೆಕ್_ಫ್ರಮ್_ಫೈಲ್_ಲೊಕೇಶನ್’ಗೆ ‘ದರ_ಸಿಂಧನೂರು’ ಎಂಬಂಥ ಹೊಸ ಹೆಸರನ್ನೂ ಫೈಲಿನ ಪಾಥನ್ನೂ ಕೊಟ್ಟು, ಬಂದ ಸ್ಪೆಕ್ಕನ್ನು (ಮಾಡ್ಯೂಲನ್ನು ಎಲ್ಲಿಂದ, ಹೇಗೆ ತರಬೇಕೆಂಬ ವಿವರ) ‘ಮಾಡ್ಯೂಲ್_ಫ್ರಮ್_ಸ್ಪೆಕ್’ಗೆ ಒಪ್ಪಿಸಿದರೆ ಇನ್ನೂ ಕೋಡ್ ನಡೆಯದ ಮಾಡ್ಯೂಲ್ ಸಿಗುತ್ತದೆ. ಅದನ್ನು ಆ ಹೊಸ ಹೆಸರಿನಲ್ಲಿಯೇ ಸಿಸ್.ಮಾಡ್ಯೂಲ್ಸ್‌ಗೆ ಸೇರಿಸಿ, ನಂತರ ‘ಸ್ಪೆಕ್.ಲೋಡರ್.ಎಕ್ಸೆಕ್_ಮಾಡ್ಯೂಲ್’ ಕರೆಯಿರಿ. ಸೇರಿಸುವುದನ್ನು ಬಿಟ್ಟರೂ ಕೆಲಸ ನಡೆದಂತೆ ಕಾಣುತ್ತದೆ, ಆದರೆ ಅದರ ಆಬ್ಜೆಕ್ಟುಗಳನ್ನು ಪಿಕಲ್ ಮಾಡಲು, ಅಂದರೆ ಫೈಲಿನಲ್ಲಿ ಉಳಿಸಿಡುವಂತೆ ಬೈಟುಗಳಾಗಿ ಬದಲಿಸಲು, ಹೋದಾಗ ತೊಡಕಾಗುತ್ತದೆ. ಹಳೆಯ ಪಾಠಗಳಲ್ಲಿ ಬರುವ ‘ಇಂಪ್’ ಮಾಡ್ಯೂಲನ್ನು ಪೈಥಾನ್ 3.12ರಲ್ಲಿ ತೆಗೆದುಹಾಕಲಾಗಿದೆಯಾದ್ದರಿಂದ ಅದರ ಗೊಡವೆಗೆ ಹೋಗಬೇಡಿ.

ಈ ಪ್ರತ್ಯೇಕತೆ ಒಂದು ಫೈಲಿಗಷ್ಟೇ ಸೀಮಿತ ಎಂಬುದು ನೆನಪಿರಲಿ. ‘ದರ’ದೊಳಗೆ ‘ತೇವಾಂಶ’ ಎಂಬ ಇನ್ನೊಂದು ಮಾಡ್ಯೂಲನ್ನು ಇಂಪೋರ್ಟ್ ಮಾಡಿದ್ದರೆ ಎರಡೂ ಪ್ರತಿಗಳಿಗೆ ಅದು ಒಂದೇ ಆಗಿರುತ್ತದೆ. ಕಡಿತದ ಅಂಕಿ ಅಲ್ಲಿದ್ದರೆ ನಿಮ್ಮ ಸಮಸ್ಯೆ ಅಲ್ಲಿಗೆ ಸ್ಥಳಾಂತರವಾಯಿತು ಅಷ್ಟೇ. ಕ್ಲಾಸುಗಳದು ಇದಕ್ಕೆ ತದ್ವಿರುದ್ಧ. ಒಂದು ಪ್ರತಿಯ ‘ಚೀಟಿ’ ಕ್ಲಾಸಿನಿಂದ ಮಾಡಿದ ಆಬ್ಜೆಕ್ಟನ್ನು ಇನ್ನೊಂದರ ‘ಚೀಟಿ’ಯೊಂದಿಗೆ ‘ಇಸ್‌ಇನ್‌ಸ್ಟನ್ಸ್’ನಿಂದ ಹೋಲಿಸಿದರೆ, ಕೋಡ್ ಅಕ್ಷರಶಃ ಒಂದೇ ಇದ್ದರೂ, ‘ಫಾಲ್ಸ್’ ಬರುತ್ತದೆ. ನಮ್‌ಪೈನಂತಹ, ಸಿ ಭಾಷೆಯ ಭಾಗಗಳಿರುವ ಲೈಬ್ರರಿಗಳ ಮೇಲಂತೂ ಇದನ್ನು ಪ್ರಯೋಗಿಸಬೇಡಿ.

ಇಷ್ಟೆಲ್ಲ ಹೇಳಿದರೂ, ಆ ಫೈಲನ್ನು ತಿದ್ದುವ ಅಧಿಕಾರ ನಿಮಗಿದ್ದರೆ ಇದಾವುದೂ ಬೇಡ ಎಂಬುದೇ ನನ್ನ ಅಭಿಪ್ರಾಯ. ಮಾಡ್ಯೂಲಿನ ಮೇಲ್ಮಟ್ಟದಲ್ಲಿರುವ ದರಪಟ್ಟಿಯನ್ನು ‘ಪೇಟೆ’ ಎಂಬ ಕ್ಲಾಸಿನ ‘ಇನಿಟ್’ ಒಳಗೆ ಸರಿಸಿ, ಗಂಗಾವತಿಗೊಂದು, ಸಿಂಧನೂರಿಗೊಂದು ಆಬ್ಜೆಕ್ಟ್ ಮಾಡಿಕೊಳ್ಳಿ. ನಾಳೆ ಕಾರಟಗಿಯನ್ನು ಸೇರಿಸಬೇಕಾದರೆ ಇನ್ನೊಂದೇ ಸಾಲು ಸಾಕು.