ಬೋಟಿನ ನಂಬರ್ ದೂರದಿಂದ ಓದುವಂತಿರಲಿ

ಪ್ರಶ್ನೆ: ಸ್ಯಾಕ್ರಮೆಂಟೊದಲ್ಲಿದ್ದೇವೆ. ಹೋದ ವಾರ 16 ಅಡಿಯ ಹಳೇ ಮೋಟಾರ್ ಬೋಟ್ ಕೊಂಡೆ. ನಂಬರ್ ಮಾಸಿದೆ. ಹೇಗೆ ಬರೆಸಲಿ? ಪೇಪರ್ಸ್ ನಿಧಾನಕ್ಕೆ ಮಾಡಿಸಿದರಾಯ್ತು ಅಂತಾರೆ ಮಾರಿದವರು.

ಉತ್ತರ: ಅವರ ಮಾತು ಕೇಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಕೊಂಡ 30 ದಿನದೊಳಗೆ ಡಿಎಂವಿಯಲ್ಲಿ (ರಾಜ್ಯದ ವಾಹನ ನೋಂದಣಿ ಇಲಾಖೆ) ಬೋಟನ್ನು ನಿಮ್ಮ ಹೆಸರಿಗೆ ಮಾಡಿಸಬೇಕು. ಅದಕ್ಕೂ ಮೊದಲು ಬೋಟಿನ ಹಿಂಬದಿ ಹಲಗೆಯ ಬಲಗಡೆ ನೋಡಿ. ಅಲ್ಲಿರುವ 12 ಅಕ್ಷರ-ಅಂಕಿಗಳ ಹಲ್ ನಂಬರನ್ನು (ಬೋಟಿನ ಒಡಲಿನ ಗುರುತಿನ ಸಂಖ್ಯೆ) ಟೈಟಲ್, ಅಂದರೆ ಮಾಲೀಕತ್ವದ ಪತ್ರದ ಜೊತೆ ಒಂದೊಂದಾಗಿ ತಾಳೆ ಹಾಕಿ. ದುಡ್ಡು ಕೊಡುವ ಮೊದಲೇ ಮಾಡಬೇಕಿದ್ದ ಕೆಲಸ ಇದು. ಅದನ್ನು ಉಜ್ಜಿ ಅಳಿಸಿದ ಬೋಟನ್ನು ಬಿಟ್ಟಿ ಕೊಟ್ಟರೂ ನಾನು ತಗೊಳ್ಳುವುದಿಲ್ಲ. ಅದು ಕದ್ದ ಮಾಲಾಗಿರಬಹುದು. 'ಪೇಪರ್ಸ್ ಇಲ್ದಿದ್ರೂ ನಾವು ಮಾಡಿಸಿಕೊಡ್ತೀವಿ' ಅನ್ನುವವರ ಹತ್ತಿರ ದಯವಿಟ್ಟು ಸುಳಿಯಬೇಡಿ.

ಈಗ ನೀವು ಕೇಳಿದ ರಿಜಿಸ್ಟ್ರೇಷನ್ ನಂಬರ್. ಅದು 'ಸಿಎಫ್' ಅಂತ ಶುರುವಾಗುತ್ತೆ. ಮಾಲೀಕರು ಬದಲಾದರೂ ನಂಬರ್ ಬದಲಾಗುವುದಿಲ್ಲ. ಬೋಟಿನ ಮುಂದಿನ ಅರ್ಧದಲ್ಲಿ, ಎರಡೂ ಪಕ್ಕ ಹಾಕಿಸಿ. ಅಕ್ಷರ ನೇರ, ದಪ್ಪ, ಕಡಿಮೆ ಅಂದರೂ 3 ಇಂಚು ಎತ್ತರ. ಎರಡೂ ಪಕ್ಕ ಎಡದಿಂದ ಬಲಕ್ಕೇ ಓದಿಸಿಕೊಳ್ಳಬೇಕು. ಬಲಪಕ್ಕದಲ್ಲಿ ಮೂತಿಯ ಕಡೆಯಿಂದ ತಿರುಗಾಮುರುಗಾ ಅಂಟಿಸಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅಕ್ಷರಗಳಿಗೂ ಅಂಕಿಗಳಿಗೂ ನಡುವೆ ಒಂದಕ್ಷರದಷ್ಟು ಜಾಗ ಬಿಡಿ. ಎಲ್ಲ ಒತ್ತೊತ್ತಾಗಿ ಬರೆದರೆ ತಪ್ಪು. ರಿಜಿಸ್ಟ್ರೇಷನ್ ಸ್ಟಿಕ್ಕರ್ ಅದೇ ಸಾಲಲ್ಲಿ, ನಂಬರಿನಿಂದ 3 ಇಂಚು ಹಿಂದೆ.

ಬಣ್ಣದ ವಿಷಯಕ್ಕೆ ನನಗೆ ಜಾಸ್ತಿ ಸಿಟ್ಟು ಬರುತ್ತೆ. ಕಡುನೀಲಿ ಬೋಟಿಗೆ ಕಪ್ಪು ಅಕ್ಷರ, ಅದೂ ಮದುವೆ ಕಾಗದದ ಥರ ಸುರುಳಿ ಸುರುಳಿ! ಅಲೆ ಏಳುವಾಗ, ಸಂಜೆ ಮಬ್ಬಿನಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುವವರಿಗೆ ಆ ನಂಬರ್ ಕಾಣಬೇಕು ಅಲ್ವಾ? ಕಪ್ಪು ಬೋಟಿಗೆ ಬಿಳಿ, ಬಿಳಿ ಬೋಟಿಗೆ ಕಪ್ಪು. ಬೇರೆ ಯೋಚನೆಯೇ ಬೇಡ. ರಿಜಿಸ್ಟ್ರೇಷನ್ ಕಾರ್ಡ್ ಮನೆ ಬೀರುವಿನಲ್ಲಿ ಇಡಬೇಡಿ, ಬೋಟಿನಲ್ಲೇ ಇರಲಿ.

ಪ್ರಶ್ನೆ: ಪುಟ್ಟ ಬೋಟು, ಬ್ಯಾಟರಿ ಮೋಟಾರು. ಅದಕ್ಕೂ ರಿಜಿಸ್ಟ್ರೇಷನ್ನಾ?

ಉತ್ತರ: ಹೌದು. ಮೋಟಾರ್ ಅಂದರೆ ಮೋಟಾರ್. ಈ ಪ್ರಶ್ನೆ ಪ್ರತಿ ಬೇಸಿಗೆಗೂ ಬರುತ್ತೆ.

ಪ್ರಶ್ನೆ: ಹುಟ್ಟು ಹಾಕುವ ಕಯಾಕಿಗೆ?

ಉತ್ತರ: ಇಲ್ಲಿ ಬೇಡ. ಮಿನ್ನೆಸೋಟಾಗೆ ಹೊತ್ತುಕೊಂಡು ಹೋಗುವ ಮೊದಲು ಅಲ್ಲಿನ ನಿಯಮ ನೋಡಿ.

ಪ್ರಶ್ನೆ: ಕಾರಿನ ಲೈಸೆನ್ಸ್ ಇದೆ, ಬೋಟ್ ಓಡಿಸಲು ಸಾಲದಾ?

ಉತ್ತರ: ಸಾಲದು. 2025ರ ಜನವರಿ 1ರಿಂದ ಈ ರಾಜ್ಯದಲ್ಲಿ ಮೋಟಾರ್ ಬೋಟ್ ಓಡಿಸುವ ಎಲ್ಲ ವಯಸ್ಸಿನವರಿಗೂ ಬೋಟರ್ ಕಾರ್ಡ್, ಅಂದರೆ ಬೋಟ್ ಓಡಿಸುವವರ ಕಾರ್ಡ್ ಬೇಕು. ಪರೀಕ್ಷೆ ಪಾಸಾಗಬೇಕು. ನಿಮ್ಮ ಬದಲು ಭಾವಮೈದುನನ ಕೈಲಿ ಬರೆಸಬೇಡಿ. ಸ್ಟೇರಿಂಗ್ ಹಿಡಿಯುವವರು ನೀವು.