ಕಾರವಾರದಲ್ಲಿ ರಾಕ್ ಹಾಕುವ ಎಫ್‌ಎಂ ಯಾವುದಾದ್ರೂ ಇತ್ತಾ? ಇಲ್ಲಿನವರು ರಾಕ್ ಕೇಳಿದ್ದು ಎಲ್ಲಿಂದ?

ಊರಿನ ಸ್ವಂತ ಎಫ್‌ಎಂ ಅಂದ್ರೆ ಆಕಾಶವಾಣಿ ಕಾರವಾರ, 102.3. ರಾಕ್ ಮಾತ್ರ ನಮಗೆ ಬಂದಿದ್ದು ಗೋವಾ ಕಡೆಯಿಂದ.

ಅಲ್ಲಿನ ರೇಡಿಯೋ ಕಥೆ ತುಂಬಾ ಹಳೆಯದು. ಪೋರ್ಚುಗೀಸರ ಕಾಲದಲ್ಲೇ, 1946ರಲ್ಲಿ, ‘ಎಮಿಸೋರಾ ಡಿ ಗೋವಾ’ ಶುರುವಾಗಿತ್ತು. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾದ ಮೇಲೆ ಅದು ಆಕಾಶವಾಣಿ ಪಣಜಿ ಆಯಿತು. 1993ರಲ್ಲಿ ಸರ್ಕಾರ ಎಫ್‌ಎಂ ಸಮಯವನ್ನು ಖಾಸಗಿಯವರಿಗೆ ಕೊಡಲು ಶುರುಮಾಡಿದಾಗ ದೆಹಲಿ, ಮುಂಬೈ ಜೊತೆ ಗೋವಾಕ್ಕೂ ಜಾಗ ಸಿಕ್ಕಿತು. 1998ಕ್ಕೆ ಆ ವ್ಯವಸ್ಥೆ ನಿಂತಿತು. ಪೂರ್ತಿ ಖಾಸಗಿ ಕೇಂದ್ರ ಬಂದಿದ್ದು 2001ರಲ್ಲಿ, ಬೆಂಗಳೂರಿನ ರೇಡಿಯೋ ಸಿಟಿಯಿಂದ. ಆಮೇಲೆ ಇಂಗ್ಲಿಷ್ ಹಾಡುಗಳ ರೇಡಿಯೋ ಇಂಡಿಗೋ 91.9 ಬೆಂಗಳೂರಲ್ಲೂ ಗೋವಾದಲ್ಲೂ ಬಂತು.

ನಮ್ಮ ಮನೆ ಕೋಡಿಬಾಗದಲ್ಲಿ. ಟ್ರಾನ್ಸಿಸ್ಟರ್‌ನ ಏರಿಯಲ್‌ಗೆ ತಾಮ್ರದ ತಂತಿ ಸುತ್ತಿ ಕಿಟಕಿ ಸರಳಿಗೆ ಕಟ್ಟುತ್ತಿದ್ದೆವು. ಗಾಳಿ ಇಲ್ಲದ ಸೆಕೆಯ ಸಂಜೆ ಗಿಟಾರ್ ಸ್ಪಷ್ಟವಾಗಿ ಕೇಳುತ್ತಿತ್ತು, ಮರುದಿನ ಬರೀ ಗರಗರ. ಇದಕ್ಕೆ ಕಾರಣ ಇದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲೇ ಮುಗೀತು. ಆದರೆ ಸಮುದ್ರದ ಮೇಲೆ ತಂಪು ಗಾಳಿಯ ಪದರದ ಮೇಲೆ ಬಿಸಿ ಪದರ ಕೂತಾಗ ಅಲೆ ಕೆಳಕ್ಕೆ ಬಾಗಿ, ಎಂದಿಗಿಂತ ಜಾಸ್ತಿ ದೂರ ಬರುತ್ತದೆ. ಘಟ್ಟದ ಮೇಲಿನ ಶಿರಸಿಯ ಗೆಳೆಯರಿಗೆ ಈ ಭಾಗ್ಯ ಇರಲಿಲ್ಲ. ಅವರಿಗೆ ನಾವು ಕ್ಯಾಸೆಟ್‌ನಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದೆವು.